ಹವಳವ್ವನ ಊಟ

ಹೊಳಬಸಪ್ಪನ ಮನೆಯ ರಂಪಾಟ ಶುರುವಾದದ್ದು ಒಂದು ಐಸ್‌ಕ್ರೀಮ್ ಡಬ್ಬಿಯಿಂದ. ಶ್ರಾವಣದ ಭಾನುವಾರ, ಮುಂಜಾನೆ ಎಂಟರ ಹೊತ್ತು. ಪಕ್ಕದ ಮನೆಯ ಬಸಲಿಂಗವ್ವ ಬಾತ ಮೊಣಕಾಲಿಗೆ ಒತ್ತಿಕೊಳ್ಳಲು ಬರ್ಫ ಕೇಳಿಕೊಂಡು ಬಂದಳು. ಹೊಳಬಸಪ್ಪನ ಹೆಂಡತಿ ಮಹೇಶ್ವರಿಯ ಕೈಯೆಲ್ಲ ರೊಟ್ಟಿ ಹಿಟ್ಟು. "ಫ್ರಿಜ್ಜಿನ್ಯಾಗ ಐತಿ ಯಕ್ಕಾ, ನೀವ ತಗೋರಿ" ಎಂದಳು. ಬರ್ಫದ ತಟ್ಟೆಯ ಹಿಂದೆ ಪಿಸ್ತಾ ಚಿತ್ರದ ಡಬ್ಬಿಯೊಂದಿತ್ತು, ಪಿಸ್ತಾ ಎಂದರೆ ಬಸಲಿಂಗವ್ವನಿಗೆ ಜೀವ. ಮುಚ್ಚಳ ತೆಗೆದಳು. ಒಳಗೆ ಮೂರು ಬಿಳಿ ಇಲಿಗಳು ಬಾಲ ಮುದುರಿಕೊಂಡು ಕಲ್ಲಿನಂತೆ ಗಟ್ಟಿಯಾಗಿ ಮಲಗಿದ್ದವು.

ಹಳೇ ಬಾಗಲಕೋಟೆ ಆಣೆಕಟ್ಟಿನ ನೀರಿನಲ್ಲಿ ಮುಳುಗಿದಾಗಲೂ ಬಸಲಿಂಗವ್ವ ಅಷ್ಟು ಜೋರಾಗಿ ಕೂಗಿರಲಿಲ್ಲ. ನವನಗರದ ಆ ಓಣಿಯಲ್ಲಿ ಹಲ್ಲುಜ್ಜುತ್ತಿದ್ದವರು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. ಮಹೇಶ್ವರಿ ಹಿಂದುಮುಂದು ನೋಡದೆ ಡಬ್ಬಿ ಎತ್ತಿ, ಅದೇ ಹೊತ್ತಿಗೆ ಬಂದ ನಗರಸಭೆಯ ಕಸದ ಗಾಡಿಗೆ ಹಾಕಿಬಿಟ್ಟಳು. ಹೊಳಬಸಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ ಹವಳವ್ವನ ಒಂದು ತಿಂಗಳ ಊಟ ಮೂಲೆ ದಾಟಿ ಹೋಗಿತ್ತು.

ಹವಳವ್ವ ಎಂದರೆ ಹಾವು. ಹೊರದೇಶದ ತಳಿ, ಹವಳದ ಬಣ್ಣ, ವಿಷವಿಲ್ಲ. ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದ ಮಗಳು ಐಶ್ವರ್ಯ ಸರಕಾರದ ನೋಂದಣಿ ಪತ್ರದ ಸಮೇತ ಸಾಕಿದ್ದು. ಹಾಸ್ಟೆಲಿನವರು ಬೇಡವೆಂದಾಗ ಮನೆಗೆ ತಂದಿಟ್ಟಿದ್ದಳು, ಬಂದಾಗೊಮ್ಮೆ ಅದರ ಊಟವನ್ನೂ ತಾನೇ ಫ್ರಿಜ್ಜಿನಲ್ಲಿ ತುಂಬಿಟ್ಟು ಹೋಗುತ್ತಿದ್ದಳು. ಮೊದಲ ವಾರ ಹೊಳಬಸಪ್ಪ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಎರಡನೆಯ ತಿಂಗಳಿಗೆ ಆಫೀಸಿನಿಂದ ಬಂದವನೇ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಸಾಹೇಬರ ಕಿರಿಕಿರಿಯನ್ನೆಲ್ಲ ಹೇಳಿಕೊಳ್ಳತೊಡಗಿದ್ದ. ಮನೆಯಲ್ಲಿ ಅವನ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವ ಜೀವ ಅದೊಂದೇ. ಹಾವಿಗೆ ಕಿವಿಯಿಲ್ಲವೆಂದು ಮಗಳು ಹೇಳಿದ್ದಳು, ಅವನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹವಳವ್ವ ಪೊರೆ ಬಿಡುವಾಗ ಮೂರು ವಾರ ಉಪವಾಸ ಇದ್ದಳು. ಇವತ್ತು ಉಣ್ಣಲೇಬೇಕು. ಹೊಳಬಸಪ್ಪ ಮಗಳಿಗೆ ಫೋನು ಹಚ್ಚಿದ.

"ಮನೀ ಇಲಿ ಹಾಕಬ್ಯಾಡಪಾ, ಎಲ್ಲೆರೆ ಪಾಷಾಣ ತಿಂದಿರ್ತಾವು. ಅಂಗಡ್ಯಾಗಿಂದ ಬಿಳಿ ಇಲಿ ತಗೊಂಡ ಬಾ. ಆದ್ರ ಜೀವಂತ ಬಿಡಬ್ಯಾಡ, ಅದು ಅಂಜಿ ಸಾಯ್ತೈತಿ, ಇಲ್ಲಾ ಹವಳವ್ವನ್ನ ಕಡೀತೈತಿ. ಡಬ್ಬಿಯೊಳಗ ಸೋಡಾ ಗ್ಯಾಸು ಮೆಲ್ಲಕ ಬಿಡಬೇಕು. ಮೊದಲ ನಿದ್ದಿ, ಆಮ್ಯಾಲೆ ಸಾವು. ಅದಕ್ಕ ನೋವು ಗೊತ್ತಾಗಬಾರದು." ಎಂದ ಐಶ್ವರ್ಯ ಮತ್ತೆ ತಾನೇ ಹೇಳಿದಳು. "ನಿನ್ನ ಕೈಲೆ ಆಗೂದಿಲ್ಲಪಾ. ಬಿಡು, ನಾಳೆ ಧಾರವಾಡದಿಂದ ನನ್ನ ಗೆಳತಿ ಗೀತಾಂಜಲಿ ಬಂದು ಹವಳವ್ವನ್ನ ಒಯ್ತಾಳ. ಆಕಿ ಸಾಕ್ತಾಳ."

"ಯಾಕ ಆಗೂದಿಲ್ಲ? ಸಂಜೀಕ ಹವಳವ್ವ ಉಂಡದ್ದು ವಿಡಿಯೋ ಕಳಸ್ತೇನಿ, ನೋಡು. ಗೀತಾಂಜಲಿಗೆ ಬರಬ್ಯಾಡ ಅಂತ ಹೇಳು" ಎಂದು ಹೊಳಬಸಪ್ಪ ಫೋನು ಇಟ್ಟ. ಅವನ ಜನ್ಮದಲ್ಲಿ ಸೊಳ್ಳೆ ಬಿಟ್ಟರೆ ಬೇರೆ ಯಾವ ಜೀವವನ್ನೂ ಅವನು ಕೊಂದಿರಲಿಲ್ಲ, ಸೊಳ್ಳೆಯೂ ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಿತ್ತು.

ಅಂಗಳದಲ್ಲಿ ಆಗಲೇ ಪಂಚಾಯಿತಿ ಸೇರಿತ್ತು. ಬಸಲಿಂಗವ್ವ ಒಂದು ತಂಬಿಗೆ ಹಾಲು ಹಿಡಿದು ನಿಂತಿದ್ದಳು.

"ತಮ್ಮಾ, ಮೊನ್ನೆ ಪಂಚಮಿಗೆ ಇಡೀ ಊರು ನಾಗಪ್ಪಗ ಹಾಲು ಎರದೈತಿ. ನೀನೂ ಹಾಲು ಹಾಕು, ಇಲಿ ಯಾಕ ಬೇಕು?"

"ಯಕ್ಕಾ, ಹಾಲು ಕುಡದ್ರ ಅದು ಬದುಕೂದಿಲ್ಲ. ನೀವು ಮಣ್ಣಿನ ನಾಗಪ್ಪಗ ಎರೀರಿ, ಅವಂಗ ಏನೂ ಆಗೂದಿಲ್ಲ."

"ಕೊರಳಾಗ ಲಿಂಗ ಕಟ್ಟಿಕೊಂಡು ಜೀವ ತೆಗೀತಿಯೇನು?" ಎಂದಳು ಆಕೆ. ಸುತ್ತ ನಿಂತವರು ತಲೆ ಅಲ್ಲಾಡಿಸಿದರು. ಓಣಿಯ ಸಂಘದ ಕಾರ್ಯದರ್ಶಿ ಚೇತನಕುಮಾರ ಫೋನಿನಲ್ಲಿ ಚಿತ್ರ ತೆಗೆಯುತ್ತ ಮುಂದೆ ಬಂದ. "ಕಾಕಾ, ನಮ್ಮದು ಸುಸಂಸ್ಕೃತ ಓಣಿ. ಇಲ್ಲಿ ಹಿಂಸಾ ನಡಿಯೂದಿಲ್ಲ. ಸಂಘದಿಂದ ಠರಾವು ಮಾಡ್ತೇವಿ."

ಹೊಳಬಸಪ್ಪನ ಮೈ ಉರಿಯಿತು. ಇಪ್ಪತ್ತಾರು ವರ್ಷ ಆಫೀಸಿನಲ್ಲಿ ಎಲ್ಲದಕ್ಕೂ ಹೌದ್ರಿ, ಆತ್ರಿ ಎಂದುಕೊಂಡು ಬಂದ ಮನುಷ್ಯ. ಆ ಹೌದ್ರಿಗಳೆಲ್ಲ ಅವತ್ತು ಒಮ್ಮೆಲೇ ತಿರುಗಿ ನಿಂತವು.

"ಚೇತನ್ಯಾ, ನಿಮ್ಮ ಅಡಗಿಮನ್ಯಾಗ ಅಂಟಿನ ಹಾಳಿ ಇಟ್ಟೀಯಲ್ಲ, ಅದರ ಮ್ಯಾಲೆ ಇಲಿ ಎರಡ ದಿನ ಚೀರ್ತೈತಿ, ನಮ್ಮನಿಗೆ ಕೇಳಸ್ತೈತಿ. ಅದು ಹಿಂಸಾ ಅಲ್ಲೇನು? ಯಕ್ಕಾ, ನೀವು ಕಾಳಿನ ಚೀಲದ ಬಾಜೂಕ ಪಾಷಾಣದ ಉಂಡಿ ಇಡ್ತೀರಿ. ಹೊಟ್ಟಿ ಸುಟ್ಟು ಮೂರ ದಿನಕ್ಕ ಸಾಯ್ತಾವು. ಸತ್ತದ್ದನ್ನ ನೋಡೂದಿಲ್ಲ ಅಂತ ಪಾಪ ಇಲ್ಲೇನು? ನಾ ಕೊಲ್ಲಾಂವ. ನೋವಾಗದಂಗ, ಬಾಜೂಕ ಕುಂತು, ಕಣ್ಣ ತೆರದು ಕೊಲ್ಲಾಂವ. ಏನ ಠರಾವು ಮಾಡ್ತೀರಿ ಮಾಡ್ಕೋರಿ."

ಚೇತನಕುಮಾರ ಫೋನು ಕಿಸೆಗೆ ಇಳಿಸಿದ. ಮಹೇಶ್ವರಿ ಮಾತ್ರ ಒಳಗಿಂದ, "ಆ ಕೈಲೆ ನನ್ನ ರೊಟ್ಟಿ ಮುಟ್ಟಬ್ಯಾಡ್ರಿ" ಎಂದಳು. ಅವನು ಉಣ್ಣದೆಯೇ ಸ್ಕೂಟರು ಹತ್ತಿದ.

ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಇಲಿ ಸಿಕ್ಕಿತು. ಅಂಗಡಿಯವನು ಅದನ್ನು ತೂತು ಕೊರೆದ ಬೂಟಿನ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟು, "ಮಕ್ಕಳಿಗೆ ಆಡಾಕೇನ್ರಿ? ಭಾಳ ಪ್ರೀತೀದು" ಎಂದು ಬೇಡದ ಮಾತು ಆಡಿದ. ಸೋಡಾ ಅಂಗಡಿಯ ರಮಜಾನ ಸಣ್ಣ ಗ್ಯಾಸಿನ ಸಿಲಿಂಡರು ಕೊಟ್ಟ. ಏನಕ್ಕೆ ಎಂದು ಕೇಳಿದ್ದಕ್ಕೆ ಹೊಳಬಸಪ್ಪ ಖರೆ ಹೇಳಿದ. ರಮಜಾನ ಅಂದಿನಿಂದ ಒಂದು ವಾರ ತಾನೇ ಸೋಡಾ ಕುಡಿಯಲಿಲ್ಲವಂತೆ.

ಮನೆಗೆ ಬಂದು ಪೆಟ್ಟಿಗೆ ತೆರೆದ. ಇಲಿ ಎರಡೂ ಮುಂಗಾಲಿನಿಂದ ಮುಖ ಉಜ್ಜಿಕೊಂಡು, ಊಟಕ್ಕೆ ಕರೆದ ಬೀಗರ ಹಾಗೆ ಸಜ್ಜಾಗಿ ಕುಳಿತು ಅವನನ್ನು ನೋಡಿತು. ಹೊಳಬಸಪ್ಪ ಮುಚ್ಚಳ ಮುಚ್ಚಿದ. ಅಂಗಳದಲ್ಲಿ ಆಡಿದ ಧೈರ್ಯವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟು, ಹಿಂದಿನ ಮನೆಯ ಯಾಕೂಬಸಾಬರ ಬಾಗಿಲು ಬಡಿದ.

"ಯಾಕೂಬಸಾಬ್ರ, ಇದೊಂದ ಕೆಲಸ ನೀವು ಮಾಡಿಕೊಡ್ರಿ."

ಇಲಕಲ್ಲಿನ ಸಾಲಿಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು ಅವರು. ಪೆಟ್ಟಿಗೆಯನ್ನೂ ಅವನ ಮುಖವನ್ನೂ ನೋಡಿದರು. "ಓಣ್ಯಾಗ ಇಷ್ಟ ಮನಿ ಅದಾವು. ನಮ್ಮನೀಗೇ ಯಾಕ ಬಂದ್ರಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಹೊಳಬಸಪ್ಪನ ಕಿವಿ ಕೆಂಪಾದವು.

"ಬಕ್ರೀದಕ್ಕ ನಾ ಹೊರಗ ಹೋಗಿ ನಿಲ್ತೇನ್ರಿ. ಕೋಳಿ ಕೂಗಿದ್ರ ನನಗ ಚಕ್ಕರ್ ಬರ್ತೈತಿ. ನಮ್ಮ ಮನ್ಯಾಕಿ ಶಮಶಾದಬಿ ಇವತ್ತಿಗೂ ನಗತಾಳ" ಎಂದರು ಯಾಕೂಬಸಾಬರು. ಹೊಳಬಸಪ್ಪ, "ತಪ್ಪಾತ್ರಿ, ಮಾಫ್ ಮಾಡ್ರಿ" ಎಂದು ತಿರುಗಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸಪ್ಪಳ ಕೇಳಿತು. "ನಡ್ರಿ, ಕೊಲ್ಲೂದು ನಿಮ್ಮದು. ನಾ ಬರೇ ಗಡಿಯಾರ ನೋಡ್ತೇನಿ. ಒಬ್ಬರ ಮಾಡೂ ಕೆಲಸ ಅಲ್ಲ ಇದು."

ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತರು. ಅಗಲ ಡಬ್ಬಿಯಲ್ಲಿ ಮೆತ್ತಗೆ ಅರಿವೆ ಹಾಸಿ ಇಲಿಯನ್ನು ಬಿಟ್ಟರು. ಹೊಳಬಸಪ್ಪ ಅದರ ಬೆನ್ನ ಮೇಲೆ ಒಂದು ಬೆರಳು ಆಡಿಸಿ, "ಹೊಟ್ಟಿಗೆ ಅಂತ ಮಾಡಾಕತ್ತೇನಿ, ಸಿಟ್ಟಿಗಲ್ಲ" ಎಂದು ಮೆಲ್ಲಗೆ ಹೇಳಿದ. ಗ್ಯಾಸು ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೋಗತೊಡಗಿತು. ಇಲಿ ಒಂದು ಸುತ್ತು ತಿರುಗಿತು, ಅರಿವೆಯಲ್ಲಿ ಮೂಗು ಇಟ್ಟಿತು, ಮಲಗಿತು. ಯಾಕೂಬಸಾಬರು ಗಡಿಯಾರದಿಂದ ಕಣ್ಣು ಎತ್ತಲಿಲ್ಲ. ಹೊಳಬಸಪ್ಪ ಇಲಿಯಿಂದ ಕಣ್ಣು ತೆಗೆಯಲಿಲ್ಲ. ಉಸಿರು ನಿಂತು ಬಹಳ ಹೊತ್ತಾದ ಮೇಲೂ ಗ್ಯಾಸು ಬಿಟ್ಟೇ ಇದ್ದ, ಎಲ್ಲಿ ಅರ್ಧ ಜೀವ ಉಳಿದೀತೋ ಎಂಬ ಭಯದಿಂದ. ಆಮೇಲೆ ಅತ್ತ. ಅದನ್ನು ಮುಚ್ಚಿಡುವಂಥದ್ದು ಏನೂ ಇಲ್ಲ, ಇಬ್ಬರೂ ಅತ್ತರು.

ಹವಳವ್ವ ಎರಡು ಸಲ ನಾಲಿಗೆ ಚಾಚಿ, ಚಿಮಟಿಗೆಯ ತುದಿಯಿಂದ ಇಲಿಯನ್ನು ತಗೊಂಡಳು. ವಿಡಿಯೋ ನೋಡಿ ಮಗಳು, "ಅಪ್ಪಾ, ಖರೇನ ನೀನ ಮಾಡಿದ್ಯಾ? ಗೀತಾಂಜಲಿಗೆ ಬರಬ್ಯಾಡ ಅಂತೇನಿ" ಎಂದಳು. ಹೊಳಬಸಪ್ಪ ಎದೆ ಸೆಟೆಸಿಕೊಂಡು ಅಂಗಳಕ್ಕೆ ಬಂದ. ಕಾದು ನಿಂತವರೆಲ್ಲರಿಗೂ ಕೇಳುವಂತೆ ಹೇಳಿದ. "ಆತು. ನಾನ ಮಾಡಿದೆ. ಒಂದ ಚೂರೂ ಒದ್ದಾಡಲಿಲ್ಲ. ಯಾರು ಏನ ಅಂತೀರಿ ಅನ್ರಿ."

ನೆರೆದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದರು. ಗೆದ್ದೆ ಎಂದುಕೊಂಡ ಹೊಳಬಸಪ್ಪ, ಹಸಿದ ಹೊಟ್ಟೆಯಲ್ಲೇ ಆರಾಮ ಕುರ್ಚಿಯಲ್ಲಿ ಕಾಲು ಚಾಚಿದ.

ಐದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಬಸಲಿಂಗವ್ವ ನಿಂತಿದ್ದಳು. ಸೆರಗಿನ ಒಳಗಿಂದ ಒಂದು ಇಲಿಬೋನು ಹೊರಗೆ ಬಂತು. ಅದರೊಳಗೆ ಬೆಕ್ಕಿನ ಮರಿಯಷ್ಟು ದೊಡ್ಡ ಹೆಗ್ಗಣ.

"ತಮ್ಮಾ, ನೀ ಹೇಳಿದ್ದು ಖರೆ ಐತಿ. ಪಾಷಾಣ ಹಾಕಬಾರದು. ನಾಳೆ ಶ್ರಾವಣ ಸೋಮವಾರ ಬ್ಯಾರೆ, ನಾವು ಜೀವ ತೆಗಿಯಂಗಿಲ್ಲ. ನಿನಗ ಹೆಂಗೂ ಒಂದರ ಪಾಪ ಹತ್ತೇತಿ. ಇದನ್ನೂ ಆ ಲೆಕ್ಕದಾಗ ಮುಗಿಸಿಬಿಡು."

ಆಕೆಯ ಹಿಂದೆ ಚೇತನಕುಮಾರ, ಕೈಯಲ್ಲಿ ಎರಡು ಬೋನು. "ಕಾಕಾ, ಸಂಘದಿಂದ ಠರಾವು ಪಾಸ್ ಆತು. ಇನ್ನ ಮ್ಯಾಲೆ ಓಣಿ ಇಲಿ ಎಲ್ಲಾ ನಿಮ್ಮ ಕಡೇನ." ಅವನ ಹಿಂದೆ ಮತ್ತೆ ನಾಲ್ಕು ಮನೆಯವರು. ಎಲ್ಲರಿಗಿಂತ ಹಿಂದೆ, ಬೋನನ್ನು ಆದಷ್ಟು ದೂರ ಹಿಡಿದುಕೊಂಡು, ಮುಖ ಬೇರೆ ಕಡೆ ತಿರುಗಿಸಿ ಯಾಕೂಬಸಾಬರು. "ನನ್ನ ಬೈಬ್ಯಾಡ್ರಿ, ಶಮಶಾದಬಿ ಕಳಿಸ್ಯಾಳ."

"ನಾ ಒಂದ ಜೀವದ ಹೊಟ್ಟಿಗೆ ಅಂತ ಕೊಂದೇನಿ. ನಿಮ್ಮ ಕಿರಿಕಿರಿಗೆ ಅಂತ ಒಂದನ್ನೂ ಕೊಲ್ಲೂದಿಲ್ಲ. ನಿಮ್ಮ ಇಲಿ ನೀವ ಕಣ್ಣ ತೆರದು ಕೊಲ್ರಿ, ಇಲ್ಲಾ ಬಿಟ್ಟಬಿಡ್ರಿ. ನನ್ನ ಮನಿ ಬಾಗಿಲಕ್ಕ ತರಬ್ಯಾಡ್ರಿ" ಎಂದು ಗುಡುಗಿ ಹೊಳಬಸಪ್ಪ ದಡಾರನೆ ಬಾಗಿಲು ಹಾಕಿದ. ಚಿಲಕ ಏರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಈ ಮನೆಯಲ್ಲಾದರೂ ತನ್ನ ಮಾತು ನಡೆಯುತ್ತದೆ ಎಂದು ಅವನಿಗೆ ಸಮಾಧಾನವಾಯಿತು.

ಎದುರಿಗೆ ಮಹೇಶ್ವರಿ ನಿಂತಿದ್ದಳು. ಮುಂಜಾನೆಯಿಂದ ಮಾತು ಬಿಟ್ಟಿದ್ದವಳ ಕೈಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯದ ತಾಟು ಇತ್ತು, ಮುಖದ ಮೇಲೆ ನಗೆಯಿತ್ತು.

"ಭಾಳ ಚಲೋ ಹೇಳಿದ್ರಿ, ಮಂದೀ ಇಲಿ ನಮಗ್ಯಾಕ ಬೇಕ್ರಿ? ಉಣ್ರಿ ಮೊದಲ. ಉಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಬರ್ರಿ. ನಮ್ಮವ್ವ ಹುನಗುಂದದಿಂದ ಆರು ಗಂಟೇಕ ಬರೂ ಬಸ್ಸಿನ ಕಂಡಕ್ಟರ್ ಕೈಯಾಗ ಐದು ಬೋನು ಕೊಟ್ಟ ಕಳಿಸ್ಯಾಳ."