ಪಗಾರ ಕೇಳದ ಮಾಸ್ತರ

ಘೋಡಗೇರಿ ದಾರಿಯ ತೋಟದ ಶಾಲೆಗೆ ದೊಡ್ಡ ಟೀವಿಯೊಂದು ದಾನವಾಗಿ ಬಂತು. ಅತಿಥಿ ಶಿಕ್ಷಕ ಹೊಳೆಪ್ಪ ಮಾಸ್ತರರ ಗ್ರಹಚಾರ ಕೆಟ್ಟಿದ್ದು ಅಲ್ಲಿಂದಲೇ.

"ಇಂಟರ್ನೆಟ್ಟಿನ್ಯಾಗ ಜಗತ್ತಿನ ಮಾಸ್ತರಗೋಳೆಲ್ಲಾ ಅದಾರ್ರಿ," ಎಂದ ಸಾಲಿ ಕಮಿಟಿ ಅಧ್ಯಕ್ಷ ಉದ್ದಪ್ಪ. "ಪಗಾರ ಕೇಳಂಗಿಲ್ಲ, ರಜಾ ಕೇಳಂಗಿಲ್ಲ, ಚಹಾ ಸುದ್ದಾ ಕುಡಿಯಂಗಿಲ್ಲ. ಇವತ್ತ ಭಿನ್ನರಾಶಿ ಟೀವಿನೇ ಕಲಸಲಿ. ಸಂಜಿಗೆ ಹುಡುಗರು ಬರೋಬ್ಬರಿ ಉತ್ತರಾ ಹೇಳಿದರ, ಮಾಸ್ತರ, ನಾಳಿಂದ ನೀವು ಮನ್ಯಾಗ ಆರಾಮ ಇರ್ರಿ."

ಹೊಳೆಪ್ಪನವರ ಮುಖ ನಿನ್ನೆಯ ರೊಟ್ಟಿಯಂತೆ ಮುರುಟಿತು.

ಬಿಸಿಯೂಟದ ಸಾವಂತ್ರೆವ್ವ ಕಾಯಿ ಒಡೆದು, ದೃಷ್ಟಿ ಆದೀತೆಂದು ಟೀವಿಗೆ ಮೂರು ಬೆರಳ ವಿಭೂತಿ ಬಳಿದಳು. ಉದ್ದಪ್ಪ ರಿಮೋಟ್ ಒತ್ತಿದ. ಟೀವಿ ತಪಸ್ಸಿಗೆ ಕೂತಂತೆ ಅಲುಗಲಿಲ್ಲ.

"ರಿಮೋಟ್ ನೋಡೋ ಅದರ ಕಣ್ಣಿಗೇ ಹಚ್ಚೀದಿಯಲ್ಲವ್ವಾ!"

"ದೇವರಿಗೆ ಹಚ್ಚಿದರ ಕಣ್ಣ ತೆರೀತಾನ್ರಿ. ಇದು ಯಾಕ ಮುಚ್ಚಿತು?"

ಟವೆಲ್ಲಿನಿಂದ ಒರೆಸಿದ ಮೇಲೆ ಟೀವಿ ಮೊದಲು ಕೂದಲಿನ ಎಣ್ಣೆ ಮಾರಿತು, ಆಮೇಲೆ ಪಾಠಕ್ಕಿಳಿಯಿತು. ಮಾಸ್ತರರನ್ನು ಹೊರಗೆ ಬೇವಿನ ಮರದಡಿ ಕೂಡಿಸಿ ಉದ್ದಪ್ಪ ಹೋದ.

ಸ್ವಲ್ಪ ಹೊತ್ತಿಗೆ ಒಳಗಿನ ಮಕ್ಕಳ ಗದ್ದಲ ನಿಂತಿತು. ಹೊಳೆಪ್ಪ ಇಣುಕಿದರು. "ಅರ್ಥ ಆಯ್ತಾ ಮಕ್ಕಳೇ?" ಎಂದು ಟೀವಿಯ ಮೇಡಂ ಖಾಲಿ ಕೋಣೆಯನ್ನು ಕೇಳಿ, "ವೆರಿ ಗುಡ್!" ಎಂದು ತಾವೇ ಮೆಚ್ಚಿಕೊಂಡರು. ಮಕ್ಕಳು ಹಿಂಬಾಗಿಲಿನಿಂದ ಉದ್ದಪ್ಪನ ಕಬ್ಬಿನ ಹೊಲ ಹೊಕ್ಕಿದ್ದವು.

ಸುಮ್ಮನೆ ಕೂತಿದ್ದರೆ ಮಾಸ್ತರರು ಗೆದ್ದಂತೆಯೇ. ಆದರೆ ಕಾಲು ಕೇಳಬೇಕಲ್ಲ! ಓಡಿ ಹೋದರೆ ಹೊಲದಲ್ಲಿ ಮಯೂರಿ, ಲಖನ ಒಂದೇ ಕಬ್ಬಿಗೆ ಜಗ್ಗಾಡುತ್ತಿದ್ದರು.

"ಸರ, ಇಂವ ಅರ್ಧಕ್ಕಿಂತ ಜಾಸ್ತಿ ತಿಂದಾನ್ರಿ!"

"ಅರ್ಧಾ ಅಂದರ ಏನಂತ ಗೊತ್ತೈತೇನು ನಿಮಗ?" ಎನ್ನುತ್ತಾ ಮಾಸ್ತರರು ಹೊಸ ಕಬ್ಬನ್ನೇ ಮುರಿದರು. ಅರ್ಧ ಮಾಡಿದರು, ಕಾಲು ಮಾಡಿದರು, ಅರೆಕಾಲು ಮಾಡಿದರು. ಸರಿ ಹೇಳಿದವರಿಗೆ ಆ ತುಂಡು ಸಿಕ್ಕಿತು. ಒಂದು ಅರೆಕಾಲು ಮಾಸ್ತರರ ಬಾಯಿಗೂ ಹೋಯಿತು.

ಸಂಜೆ ಊರವರು ಕೂಡಿದರು. ಹೊಲದ ಕಡೆಯಿಂದ ಬಡಿಗೆ ಹಿಡಿದೇ ಬಂದ ಉದ್ದಪ್ಪ ಕೇಳಿದ, "ಅರ್ಧದಾಗ ಅರ್ಧ?"

"ಕಾಲು!"

"ಕಾಲಿನ್ಯಾಗ ಅರ್ಧ?"

"ಅರೆಕಾಲರಿ! ಒಂದ ಕಬ್ಬ ಮುರದು..." ಎಂದಳು ಮಯೂರಿ. ಮಾಸ್ತರರು ಜೋರಾಗಿ ಕೆಮ್ಮಿದರು. "...ರೊಟ್ಟಿರಿ, ರೊಟ್ಟಿ ಮುರದು!"

"ಭಲೇ! ಯಾರು ಕಲಿಸಿದರು?"

ಮಕ್ಕಳು ಮಾಸ್ತರರನ್ನು ನೋಡಿದವು, ಬಡಿಗೆಯನ್ನು ನೋಡಿದವು. "ಟೀವಿರಿ!"

ಹೊಳೆಪ್ಪ ಬಾಯಿ ತೆರೆದರು. ಎಲ್ಲಿ ಕಲಿಸಿದಿರಿ, ಏನು ಮುರಿದು ಕಲಿಸಿದಿರಿ ಎಂದು ಕೇಳಿದರೆ? ತೆರೆದ ಬಾಯಿ ತಾನೇ ಮುಚ್ಚಿತು. ಮಾಲೆ ಟೀವಿಯ ಕೊರಳಿಗೆ ಬಿತ್ತು.

ಅವರ ಸಪ್ಪೆ ಮುಖ ಕಂಡು ಉದ್ದಪ್ಪನ ಕರುಳು ಚುರುಕ್ಕೆಂದಿತು.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ. ನಾಳಿಂದ ನಮ್ಮ ಹೊಲಕ್ಕ ಬರ್ರಿ. ಯಾವ ಕಳ್ಳ ನನ್ನ ಮಕ್ಕಳೋ ಇವತ್ತ ಕಬ್ಬ ಮುರದ ತಿಂದಾರ. ಕಾಯಾಕ ನಂಬಿಗಸ್ಥ ಮನಶ್ಯಾ ಬೇಕ್ರಿ. ಆ ಕೆಲಸಾ ಟೀವಿ ಕೈಲೆ ಆಗತೈತೇನ್ರಿ?"