ಅತನೂರಿನ ಬಿಸಿಲಿನ ಬಾಯಾರಿಕೆ

ಅತನೂರಿನ ಹವಾಮಾನ ಕೇಂದ್ರದ ಅಂಗಳದಲ್ಲಿದ್ದ ನೀರಿನ ಕೊಪ್ಪರಿಗೆಯೇ ಎಲ್ಲ ಪೇಚಿಗೂ ಕಾರಣ. ಮದುವೆಮನೆಯ ಸಾರು ಕುದಿಸಬಹುದಾದಷ್ಟು ಅಗಲದ್ದು. ದಿನಾ ಮುಂಜಾನೆ ಎಂಟೂವರೆಗೆ ಅದರಲ್ಲಿ ನೀರು ಎಷ್ಟು ಇಳಿದಿದೆ ಎಂದು ಅಳೆದು, ವಹಿಯಲ್ಲಿ ಬರೆದು, ಮತ್ತೆ ಗುರುತಿನ ತನಕ ತುಂಬಿಸುವುದು ಭಾಗ್ಯಜ್ಯೋತಿಯ ಕೆಲಸ. ಇಳಿದದ್ದೆಲ್ಲ ಬಿಸಿಲು ಕುಡಿದ ನೀರು.

ಎಂಟನೆಯ ತರಗತಿಗೇ ಶಾಲೆ ಬಿಟ್ಟ, ನಾಲ್ಕು ಜನರೆದುರು ತುಟಿ ಬಿಚ್ಚದ ಹುಡುಗಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ನೀರು ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ! ಆದರೆ ಮೂರು ವರ್ಷದಿಂದ ಒಂದು ಪ್ರಶ್ನೆ ಅವಳನ್ನೇ ಕೊರೆಯುತ್ತಿತ್ತು. ಆಳಂದದ ಕೊಪ್ಪರಿಗೆ ಒಂಬತ್ತು ಮಿಲಿಮೀಟರ್ ಇಳಿದರೆ ಜೇವರ್ಗಿಯದು ಹತ್ತು. ಅತನೂರಿನದು ಮಾತ್ರ ಮೂವತ್ತೈದು! ಅದೇ ಸೂರ್ಯ, ಇಲ್ಲಿ ಬಂದಾಗ ಯಾಕೆ ಇಷ್ಟು ಬಾಯಾರುತ್ತಾನೆ?

ಇದೇ ಪ್ರಶ್ನೆ ಹವಾಮಾನ ವಿಜ್ಞಾನಿ ಡಾಕ್ಟರ್ ಧೀರೇಂದ್ರ ಅವರನ್ನೂ ಹಿಡಿದಿತ್ತು. ಕಲಬುರಗಿಯಲ್ಲಿ ನಡೆದಿದ್ದ ಹವಾಮಾನ ಬದಲಾವಣೆಯ ರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಓದಿದ್ದು ಅತನೂರಿನ ಮೇಲಿನ ಪ್ರಬಂಧವನ್ನೇ. ಈ ದಿನ ಅರವತ್ತು ವಿಜ್ಞಾನಿಗಳು, ಜೊತೆಗೆ ಇಲಾಖೆಯ ದೊಡ್ಡ ಸಾಹೇಬರು, ಎರಡು ಬಸ್ಸಿನಲ್ಲಿ ಇಲ್ಲಿಗೆ ಬರುವವರಿದ್ದರು.

ಅವರಿಗಿಂತ ಮೊದಲು ತಾನೇ ಕಾರಣ ಹುಡುಕೋಣವೆಂದು ಭಾಗ್ಯಜ್ಯೋತಿ ಬೆಳಕು ಹರಿಯುವಾಗಲೇ ಬಂದು ಬೇವಿನ ಮರದ ಹಿಂದೆ ಕೂತಳು. ಅರ್ಧ ತಾಸಿನಲ್ಲಿ ಕಾರಣ ತಾನಾಗಿಯೇ ನಡೆದು ಬಂತು. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು. ಪಕ್ಕದ ಮನೆಯ ಕಸ್ತೂರಿಬಾಯಿಯ ಎಮ್ಮೆ ಚಂದ್ರಿ, ಬೇಲಿಯ ಕಿಂಡಿಯಲ್ಲಿ ನುಸುಳಿ, ತವರಿಗೆ ಬಂದ ಮಗಳ ಹಾಗೆ ಸೀದಾ ಕೊಪ್ಪರಿಗೆಗೆ ನಡೆಯಿತು.

“ಹೈ! ಹೈ!” ಭಾಗ್ಯಜ್ಯೋತಿ ಓಡಿ ಅಡ್ಡ ನಿಂತಳು.

ಹಿಂದೆಯೇ ಕಸ್ತೂರಿಬಾಯಿ ಬಂದಳು. “ಯಾಕ ಹೊಡ್ಯಾಕತ್ತೀ ಬೇ ಅದಕ್ಕ? ಮೂರು ವರ್ಷದಿಂದ ಕುಡ್ಯಾಕತ್ತದ, ಯಾರೂ ಬ್ಯಾಡ ಅಂದಿಲ್ಲ.”

“ಕಾಕೂ, ಅದು ಬಿಸಿಲು ಕುಡಿಯೋ ನೀರ್ರಿ!”

“ಬಿಸಲಿಗಿ ಕುಡಿಸ್ತೀರಿ, ಎಮ್ಮಿಗಿ ಕುಡಿಸಂಗಿಲ್ಲ? ದನಕ್ಕಂತ ಸರಕಾರ ಇಟ್ಟ ತೊಟ್ಟಿ ಅಂತ ತಿಳ್ದಿದ್ದೆ ನಾ!” ಕಸ್ತೂರಿಬಾಯಿ ಮುಖ ಊದಿಸಿಕೊಂಡು ಎಮ್ಮೆ ಹೊಡೆದುಕೊಂಡು ಹೋದಳು. ಭಾಗ್ಯಜ್ಯೋತಿ ಕಿಂಡಿಗೆ ಜಾಲಿಮುಳ್ಳು ತುರುಕಿದಳು.

ಎಂಟೂವರೆಗೆ ಅಳೆದಾಗ ಒಂಬತ್ತು. ಕಾವಲುಗಾರ ಲಾಡ್ಲೆಸಾಬ ಇಣುಕಿ ನೋಡಿ ಹಣೆ ಚಚ್ಚಿಕೊಂಡ.

“ಮೂವತ್ತೈದು ಅಂತ ಬರದುಬಿಡು ಬೇಟಿ. ಇಲ್ಲಂದ್ರ ಮೂರು ವರ್ಷ ಸುಳ್ಳು ಬರದಾಳ ಅಂತ ನಿನ್ನ ಕೆಲಸದಿಂದ ತಗೀತಾರ.”

“ಇಲ್ರಿ ಚಾಚಾ. ಕಣ್ಣಿಗೆ ಕಂಡಿದ್ದಷ್ಟ ಬರೀತೇನಿ,” ಎಂದು ಒಂಬತ್ತು ಬರೆದಳು.

ಹತ್ತಕ್ಕೆ ಬಸ್ಸು ಬಂದವು. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ವಿಜ್ಞಾನಿಗಳು ಇಳಿದರು. ಅವರ ಹಿಂದೆ ತಣ್ಣನೆಯ ಬರ್ಫದ ಗಡ್ಡೆಗಳಲ್ಲಿ ನೀರಿನ ಬಾಟಲಿ ಮುಳುಗಿಸಿಟ್ಟ ದೊಡ್ಡ ನೀಲಿ ತೊಟ್ಟಿಯೂ ಇಳಿಯಿತು. ಧೀರೇಂದ್ರ ಸಡಗರದಿಂದ ವಹಿ ತೆರೆದರು. ಅವರ ಮುಖ ನೀರಿಗೆ ಬಿದ್ದ ಹಪ್ಪಳವಾಯಿತು.

“ಒಂಬತ್ತಾ? ಏನಮ್ಮ ಇದು?”

ಅರವತ್ತು ಜೋಡಿ ಕಣ್ಣು ಅವಳತ್ತ ತಿರುಗಿದವು. ಭಾಗ್ಯಜ್ಯೋತಿ ಸೆರಗಿನ ತುದಿಯನ್ನು ಬೆರಳಿಗೆ ಏಳು ಸುತ್ತು ಸುತ್ತಿ, ಜನ್ಮದ ಧೈರ್ಯವನ್ನೆಲ್ಲ ಒಟ್ಟುಮಾಡಿ ಅಂದಳು: “ಸರ್... ಇಷ್ಟು ದಿನ ಎಮ್ಮಿ ಕುಡೀತಿತ್ರಿ.”

ಗುಂಪು ಗೊಳ್ಳೆಂದಿತು. “ವಿಜ್ಞಾನಕ್ಕೆ ಪುರಾವೆ ಬೇಕು. ಕರೆಸಿ ಎಮ್ಮೆಯನ್ನ,” ಎಂದರು ದೊಡ್ಡ ಸಾಹೇಬರು.

ಲಾಡ್ಲೆಸಾಬ ಓಡಿಹೋಗಿ ಕೈಕಾಲು ಹಿಡಿದು ಕಸ್ತೂರಿಬಾಯಿಯನ್ನೂ ಎಮ್ಮೆಯನ್ನೂ ಕರೆತಂದ. ವಿಜ್ಞಾನಿಗಳು ಸುತ್ತ ನಿಂತು ಮೊಬೈಲು ಎತ್ತಿದರು. ಚಂದ್ರಿ ಕೊಪ್ಪರಿಗೆಯ ಹತ್ತಿರ ಬಂದಿತು. ಎಮ್ಮೆ ಕೊಪ್ಪರಿಗೆಯತ್ತ ಒಮ್ಮೆ ನೋಡಿ, ಮುಖ ತಿರುವಿ, ನೆಟ್ಟಗೆ ಹೋಗಿ ನೀಲಿ ತೊಟ್ಟಿಗೆ ಮೂತಿ ಇಳಿಸಿತು. ಬಾಟಲಿಗಳನ್ನು ಆಚೀಚೆ ತಳ್ಳಿ, ಬರ್ಫದ ನೀರನ್ನು ಸೊರ್ರನೆ ಹೀರಿತು.

“ಮುಂಜಾನಿ ಬಾಯಾಗಿಂದು ಕಸ್ಕೊಂಡ್ರಿ. ಈಗ ಕುಡಿ ಅಂದ್ರ ಕುಡೀತದೇನು? ಅದಕ್ಕೂ ಮಾನ ಅದ!” ಎಂದಳು ಕಸ್ತೂರಿಬಾಯಿ.

“ನೋಡಿದ್ರಾ? ಕೊಪ್ಪರಿಗೆ ಮೂಸಿಯೂ ನೋಡಲಿಲ್ಲ,” ದೊಡ್ಡ ಸಾಹೇಬರು ಗಂಟಲು ಸರಿಪಡಿಸಿಕೊಂಡರು. “ಕಾರಣ ನಾನು ಹೇಳ್ತೀನಿ. ಹೋದ ವರ್ಷ ಇಲಾಖೆ ಇಲ್ಲಿ ನಲವತ್ತು ಸಸಿ ನೆಟ್ಟಿದೆ. ಬಿಸಿಲು ತಣ್ಣಗಾಗಿದೆ!”

ನಲವತ್ತರಲ್ಲಿ ಮೂವತ್ತೆಂಟನ್ನು ಚಂದ್ರಿಯೇ ಮೇಯ್ದದ್ದು ಭಾಗ್ಯಜ್ಯೋತಿಗೆ ಗೊತ್ತಿತ್ತು. ಆದರೆ ಚಪ್ಪಾಳೆಯ ಸದ್ದಿನಲ್ಲಿ ಅವಳ ಬಾಯಿ ಮತ್ತೆ ಮುಚ್ಚಿಹೋಗಿತ್ತು. ಹೊಸ ಪ್ರಬಂಧದ ತಲೆಬರಹ ಹೊಳೆದು ಧೀರೇಂದ್ರ ಕೂಡ ಅರಳಿದರು.

“ಇನ್ನೊಂದು ತಿಂಗಳು ನೋಡೋಣ,” ಎಂದರು ಸಾಹೇಬರು, ಬಸ್ಸು ಹತ್ತುತ್ತ. “ಹೀಗೇ ಒಂಬತ್ತು-ಹತ್ತು ಬಂದರೆ ಅತನೂರಿನ ಸಮಸ್ಯೆ ಮುಗಿದ ಹಾಗೆ. ಕೇಂದ್ರ ಮುಚ್ಚಿಬಿಡೋಣ. ಏನಮ್ಮ, ಖುಷಿಯಾ?”

ಬಸ್ಸಿನ ಧೂಳು ಅಡಗುವ ತನಕ ಭಾಗ್ಯಜ್ಯೋತಿ ಅಲ್ಲೇ ನಿಂತಿದ್ದಳು. ಸುಳ್ಳು ಬರೆಯುವುದು ಅವಳಿಂದಾಗದು. ಕೆಲಸ ಉಳಿಯಬೇಕಾದರೆ ನೀರೇ ಇಳಿಯಬೇಕು. ಸಂಜೆ ಕಿಂಡಿಯ ಮುಳ್ಳು ಕಿತ್ತೆಸೆದು, ಅದರಲ್ಲೇ ನುಸುಳಿ ಕಸ್ತೂರಿಬಾಯಿಯ ಅಂಗಳಕ್ಕೆ ಹೋದಳು.

“ಕಾಕೂ, ತಪ್ಪಾತ್ರಿ. ನಾಳಿಂದ ಚಂದ್ರೀನ ನೀರಿಗೆ ಕಳಸ್ರಿ.”

ಕಸ್ತೂರಿಬಾಯಿ ನಕ್ಕಳು. ಅವಳ ಅಂಗಳದಲ್ಲಿ ಅದೇ ನೀಲಿ ತೊಟ್ಟಿ ಕೂತಿತ್ತು. “ಎಮ್ಮಿ ಎಂಜಲ ನಮಗ್ಯಾಕ ಅಂತ ಬಸ್ಸಿನವರು ಬಿಟ್ಟು ಹೋದ್ರು. ಮಧ್ಯಾಹ್ನ ಬಾವಿ ನೀರು ಹಾಕಿದೆ, ಮೂಸಿ ನೋಡ್ಲಿಲ್ಲ. ಅದಕ್ಕೀಗ ತಣ್ಣನ ನೀರಿನ ರುಚಿ ಹತ್ತೇದ, ಯವ್ವಾ. ಬಿಸಲಾಗ ಕಾದ ನಿನ್ನ ನೀರು ಅದಕ್ಕ ಬ್ಯಾಡ.”

ಚಂದ್ರಿ ಹೌದೆಂಬಂತೆ ಕಿವಿ ಬಡಿಯಿತು.

ಭಾಗ್ಯಜ್ಯೋತಿ ಎಮ್ಮೆಯ ಮುಖ ನೋಡಿದಳು, ನೀಲಿ ತೊಟ್ಟಿ ನೋಡಿದಳು. ಆಮೇಲೆ ಬೇಲಿಯ ಆಚೆ ನಿಂತಿದ್ದ ಲಾಡ್ಲೆಸಾಬನನ್ನು ಮೆಲ್ಲಗೆ ಕೇಳಿದಳು:

“ಚಾಚಾ, ಅಫಜಲಪುರ ಪ್ಯಾಟ್ಯಾಗ ಬರ್ಫ ಮುಂಜಾನಿ ಎಷ್ಟಕ್ಕ ಸಿಗ್ತದ್ರಿ?”