ಕಾರ್ಖಾನೆಯ ಅಧಿಕೃತ ಎದೆ

ದೊಡ್ಡಬಳ್ಳಾಪುರದ ಆಚೆಯ ಶೀಟು ಕಾರ್ಖಾನೆಯಲ್ಲಿ ಧೂಳು ಇರಲಿಲ್ಲ. ಅಧಿಕಾರಿಗಳು ತಪಾಸಣೆಗೆ ಬಂದಾಗಲೆಲ್ಲ ಯಂತ್ರ ನಿಲ್ಲಿಸಿ, ನೆಲಕ್ಕೆ ನೀರು ಹೊಡೆದು, ಧೂಳಿಲ್ಲವೆಂಬುದನ್ನು ಖಚಿತಪಡಿಸಲಾಗುತ್ತಿತ್ತು. ಆ ಶೀಟಿನ ಹೆಸರು ಆಸ್‌ಬಟಾಸೋ, ಆಸ್‌ಪೆಟಾಸೋ, ಅಮ್ಮಯಮ್ಮನ ನಾಲಗೆಗೆ ಎಂದೂ ಪೂರ್ತಿ ಸಿಕ್ಕಿದ್ದಿಲ್ಲ. ಆದರೆ ಇಷ್ಟು ವರ್ಷ ಅದನ್ನು ಕೊಯ್ದು ಬಂದ ಗಂಡ ಪಿಳ್ಳಪ್ಪನ ಅಂಗಿಯನ್ನು ಸಂಜೆ ಹಿತ್ತಿಲಲ್ಲಿ ಕೊಡವುತ್ತಿದ್ದವಳು ಅವಳೇ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾದ ಮೇಲೆ ಕೂಲಿಯವರ ಶೆಡ್ಡುಗಳಿಗೆ ಶೀಟು ಸಾಲದಾಯಿತು. ಕಾರ್ಖಾನೆ ಹಗಲೂ ರಾತ್ರಿ ನಡೆಯಿತು. ಪಿಳ್ಳಪ್ಪನ ಕೆಮ್ಮೂ ಹಾಗೇ ನಡೆಯಿತು. ಬೆಲ್ಲ ತಿಂದರೆ ಗಂಟಲಿನ ಧೂಳು ಹೊಟ್ಟೆಗಿಳಿಯುತ್ತದೆಂಬ ನಂಬಿಕೆಯಿಂದ ಕಾರ್ಮಿಕರಿಗೆ ದಿನಾ ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ಕಚೇರಿ ಭಾಷೆಯಲ್ಲಿ ಅದರ ಹೆಸರು ‘ಉಸಿರಾಟದ ರಕ್ಷಣಾ ಸಾಧನ’.

ಪಿಳ್ಳಪ್ಪನಿಗೆ ಹೊಸಿಲು ದಾಟುವಷ್ಟೂ ಉಸಿರು ಉಳಿಯದಿದ್ದಾಗ ಅಮ್ಮಯಮ್ಮ ಮ್ಯಾನೇಜರ್ ಸುನಿಲ್‌ಕುಮಾರರ ಮುಂದೆ ಹೋಗಿ ನಿಂತಳು. ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಅವರು ಬರೆದುಕೊಟ್ಟರೆ ಮಾತ್ರ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ.

“ಎಕ್ಸ್‌ರೇ ಪ್ರಕಾರ ನಿಮ್ಮ ಯಜಮಾನರ ಎದೆ ಕನ್ನಡಿ ಹಂಗಿದೆಯಮ್ಮ.”

“ಯಾವಾಗ ತೆಗೆದ್ರಿ ಸ್ವಾಮಿ? ಅವ್ರು ಅಂಗೀನೇ ಬಿಚ್ಚಿಲ್ವಲ್ಲ!”

ಸುನಿಲ್‌ಕುಮಾರ್ ತಾಳ್ಮೆಯಿಂದ ವಿವರಿಸಿದರು. ಎಲ್ಲರನ್ನೂ ಎಕ್ಸ್‌ರೇಗೆ ಕಳಿಸಿದರೆ ಉತ್ಪಾದನೆ ನಿಲ್ಲುತ್ತದೆ. ಆದ್ದರಿಂದ ಯಂತ್ರದ ಶೆಡ್ಡಿನೊಳಗೆ ಎಂದೂ ಕಾಲಿಡದ ಗೇಟಿನ ವಾಚ್‌ಮನ್ ಲಕ್ಷ್ಮಯ್ಯನ ಎದೆಯನ್ನೇ ಎಲ್ಲರ ಪರವಾಗಿ ತೆಗೆಸಲಾಗಿದೆ. ಸುತ್ತೋಲೆಯೂ ಗೋಡೆಯ ಮೇಲಿತ್ತು: “ಶ್ರೀ ಲಕ್ಷ್ಮಯ್ಯನವರ ಎದೆಯನ್ನು ಕಾರ್ಖಾನೆಯ ಅಧಿಕೃತ ಎದೆಯೆಂದು ಪರಿಗಣಿಸತಕ್ಕದ್ದು. ಅದಕ್ಕೆ ವ್ಯತಿರಿಕ್ತವಾಗಿ ಕೆಮ್ಮುವುದು ಅಶಿಸ್ತೆನಿಸುವುದು.”

ಅಮ್ಮಯಮ್ಮ ನೇರ ಗೇಟಿಗೆ ಹೋದಳು.

“ಲೇ ಲಕ್ಷ್ಮಯ್ಯ, ನಮ್ಮೋರ ಎದೆ ನಿನ್ನತ್ರ ಐತಂತೆ?”

“ನಾನೇನ್ ಮಾಡ್ಲಕ್ಕ? ಬೀಡಿ ಬಿಡಿಸವ್ರೆ. ದಿನಾ ಮೊಟ್ಟೆ ತಿನ್ನು ಅಂತವ್ರೆ. ಇಷ್ಟು ಜನದ ಎದೆ ಹೊತ್ಕೊಂಡು ಸೀನಾಕೂ ಭಯ ಆಯ್ತದೆ.”

ಅವಳು ಮತ್ತೆ ಒಳಗೆ ಬಂದಳು. “ಒಳ್ಳೇ ಎದೆ ಎಲ್ಲಾರ್ದೂ ಆದ್ಮೇಲೆ ಕೆಟ್ಟ ಕೆಮ್ಮೂ ಎಲ್ಲಾರ್ದೂ ಆಗ್ಬೇಕಲ್ವಾ ಸ್ವಾಮಿ? ಔಷಧಿ ಕೊಡ್ಸಿ.”

ವಾದದಲ್ಲಿ ನ್ಯಾಯವಿದೆ ಎಂದು ಸುನಿಲ್‌ಕುಮಾರರಿಗೂ ಅನಿಸಿತು. ಕೂಡಲೇ ಪಿಳ್ಳಪ್ಪನ ಪರವಾಗಿ ಲಕ್ಷ್ಮಯ್ಯನನ್ನು ದೊಡ್ಡಾಸ್ಪತ್ರೆಗೆ ಸೇರಿಸಲಾಯಿತು. ಬ್ರೆಡ್ಡು, ಹಾಲು, ಫ್ಯಾನಿನ ಕೆಳಗಿನ ಮಂಚ. ಅವನು ಕೆನ್ನೆ ತುಂಬಿಕೊಂಡು ವಾಪಸು ಬಂದ. ಪಿಳ್ಳಪ್ಪ ಸಂಪೂರ್ಣ ಗುಣಮುಖನಾದನೆಂದು ಡಾಕ್ಟರು ಬರೆದುಕೊಟ್ಟರು. ಜೊತೆಯ ಕೆಲಸಗಾರರು ಮನೆಗೆ ಬಂದು ಅಭಿನಂದಿಸಿದರು. ಮಾತಾಡಲು ಉಸಿರಿಲ್ಲದ ಪಿಳ್ಳಪ್ಪ ಮಲಗಿದಲ್ಲಿಂದಲೇ ಕೈಮುಗಿದ.

ಆ ವಾರವೇ ಅವನು ತೀರಿಕೊಂಡ.

“ಗುಣ ಆದ್ಮೇಲೇ ಹೋದ. ಪುಣ್ಯವಂತ,” ಎಂದರು ಬಂದವರು.

ಪರಿಹಾರ ಕೇಳಿದ ಅಮ್ಮಯಮ್ಮನಿಗೆ ಸುನಿಲ್‌ಕುಮಾರ್ ಕುರ್ಚಿ ಹಾಕಿಸಿ ಕೂರಿಸಿದರು. ನಿಯಮದ ಪ್ರಕಾರ ಪಿಳ್ಳಪ್ಪನ ಎದೆ ಇನ್ನೂ ಸೇವೆಯಲ್ಲಿದೆ, ಗೇಟಿನಲ್ಲಿ ಉಸಿರಾಡುತ್ತಿದೆ. ಎದೆ ಜೀವಂತವಿರುವಾಗ ಪರಿಹಾರ ಕೊಡಲಾಗದು. ಅದೇ ಕಾರಣಕ್ಕೆ ಅವಳಿರುವ ಕಾರ್ಖಾನೆಯ ಮನೆಯನ್ನೂ ಬಿಡಿಸುವಂತಿಲ್ಲ. ಕುಟುಂಬದವರು ವರ್ಷಕ್ಕೊಮ್ಮೆ ಬಂದು, ಎದೆಯನ್ನು ಕಣ್ಣಾರೆ ನೋಡಿ, ಸುಸ್ಥಿತಿಯಲ್ಲಿದೆಯೆಂದು ಬರೆದುಕೊಟ್ಟರೆ ಸಾಕು.

ತಾಯಿಯಿಲ್ಲದ ಮೊಮ್ಮಗಳು ಹರ್ಷಿತಳನ್ನು ಕಟ್ಟಿಕೊಂಡು ಅವಳು ಬೇರೆಲ್ಲಿಗೆ ಹೋದಾಳು? ವರ್ಷ ತುಂಬಿದಾಗ ಹರ್ಷಿತಳ ಕೈ ಹಿಡಿದು ಗೇಟಿಗೆ ಬಂದಳು. ಲಕ್ಷ್ಮಯ್ಯ ಮರ್ಯಾದೆಯಿಂದ ಎದ್ದು ನಿಂತು, ಅಂಗಿಯ ಗುಂಡಿ ಬಿಚ್ಚಿ, ದೀರ್ಘವಾಗಿ ಉಸಿರೆಳೆದ. ಅಮ್ಮಯಮ್ಮ ಅವನೆದೆಗೆ ಕಿವಿಯಿಟ್ಟು ಕೇಳಿದಳು. ಹೋಗಿ ಬರುವವರು ಯಾರೂ ತಿರುಗಿ ನೋಡಲಿಲ್ಲ. ಅವತ್ತು ಗೇಟಿನಲ್ಲಿ ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಸರದಿಗೆ ಕಾಯುತ್ತಿದ್ದರು.

“ಬರಿ ಕಣವ್ವ. ತಾತನ ಎದೆ ಚೆನ್ನಾಗೈತೆ ಅಂತ.”

ಹರ್ಷಿತ ಬರೆದು ತಲೆಯೆತ್ತಿದಳು. “ಅಜ್ಜಿ, ನಿಂದು?”

ಅಮ್ಮಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು, ಬಂದ ಕೆಮ್ಮು ಮುಗಿಯುವವರೆಗೂ ಗೇಟಿನ ಕಂಬಿ ಹಿಡಿದು ನಿಂತಳು.

“ನಂದೂ ಅದೇಯ. ಒಟ್ಟಿಗೇ ಬರ್ಕೊಂಬಿಡು.”